ಬಾಡಿಗೆಯ ಸೂರಿಗೂ ಮಳೆಗಾಲವಿದೆ

ಮಲೆನಾಡಿನಲ್ಲಿ ಮಳೆಗಾಲದ ಸಿದ್ಧತೆ ಎಂಬುದು ಯಾರೂ ಬರೆದಿಡದ, ಆದರೆ ಎಲ್ಲರಿಗೂ ಬಾಯಿಪಾಠವಾದ ಒಂದು ಶಾಸ್ತ್ರ. ಕಟ್ಟಿಗೆ ಒಟ್ಟುವುದು, ಹಂಚು ಕೈಯಾಡಿಸುವುದು, ಜಗುಲಿಯ ಬದಿಗೆ ಸೋಗೆಯ ತಟ್ಟಿ ಕಟ್ಟುವುದು, ತೋಟದ ಬಸಿಗಾಲುವೆ ಬಿಡಿಸುವುದು, ಕೊಟ್ಟಿಗೆಗೆ ದರಗು ಸೇರಿಸುವುದು, ಹಪ್ಪಳ-ಸಂಡಿಗೆ ಒಣಗಿಸುವುದು ಇವೆಲ್ಲವೂ ರೋಹಿಣಿ ಮಳೆಯ ಮೊದಲು ಮುಗಿಯಬೇಕು. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಮುನ್ನ ಮನೆಯ ಮಾಲೀಕರು ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯದಂತೆ ಹೊದಿಕೆ ಸುತ್ತುತ್ತಾರೆ, ಒಲೆಯ ಹೊಗೆಗೂಡು ಗುಡಿಸುತ್ತಾರೆ. ನಮ್ಮಲ್ಲಿ ಮನೆಯನ್ನು ಪರೀಕ್ಷೆಗೆ ಒಡ್ಡುವ ಋತು ಮಳೆಗಾಲ. ಆಗುಂಬೆಯಂತಹ ಊರಿನಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನೂ ಮೀರುತ್ತದೆ. ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ.

ಆದರೆ ಈ ಶಾಸ್ತ್ರ ನಮ್ಮ ಸ್ವಂತ ಮನೆಯ ಹೊಸ್ತಿಲನ್ನು ದಾಟಿ ಎಷ್ಟು ದೂರ ಹೋಗಿದೆ ಎಂಬುದನ್ನು ಕೇಳಿಕೊಳ್ಳುವ ಕಾಲ ಬಂದಿದೆ. ಕಳೆದ ಕೆಲವು ದಶಕಗಳಲ್ಲಿ ಬೆಟ್ಟದೂರುಗಳ ಬದುಕಿನಲ್ಲಿ ಬಾಡಿಗೆ ಎಂಬುದೊಂದು ಹೊಸ ಬೆಳೆಯಾಗಿ ಸೇರಿಕೊಂಡಿದೆ. ತಾಲ್ಲೂಕು ಕೇಂದ್ರಗಳ ಅಂಚಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ, ದಾದಿಯರಿಗಾಗಿ, ವರ್ಗವಾಗಿ ಬರುವ ಶಿಕ್ಷಕರಿಗಾಗಿ ಸಾಲುಕೋಣೆಗಳು ಎದ್ದಿವೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಝಾರ್ಖಂಡ್‌ಗಳಿಂದ ಬಂದ ಕುಟುಂಬಗಳಿವೆ. ಮುಂದಿನ ಮನೆಯ ಹಂಚು ಪ್ರತಿವರ್ಷ ಕೈಯಾಡುತ್ತದೆ. ಹಿತ್ತಲ ಸಾಲುಕೋಣೆಯ ತಗಡು, ಮೊಳೆ ಸಡಿಲಿ ಸೋರುವವರೆಗೂ ಕೇಳುವವರಿಲ್ಲ. ಪ್ರವಾಸಿಗರ ಹೋಂಸ್ಟೇಗೆ ವರ್ಷಕ್ಕೊಮ್ಮೆ ಬಣ್ಣ ಬೀಳುತ್ತದೆ; ಅದೇ ತೋಟದ ಲೈನ್ ಮನೆಯ ಗೋಡೆ ಆಷಾಢದಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ.

ಇದಕ್ಕೆ ಮಾಲೀಕರ ನಿರ್ದಯತೆಯೇ ಕಾರಣವೆಂದರೆ ಅದು ಅರ್ಧಸತ್ಯ. ರಿಪೇರಿಯ ಖರ್ಚು ಮಾಲೀಕನದು, ಸೋರಿಕೆಯ ಕಷ್ಟ ಬಾಡಿಗೆದಾರನದು. ಹೀಗಾಗಿ ಮಾಲೀಕನಿಗೆ ಅವಸರವಿಲ್ಲ. ಬಾಡಿಗೆದಾರ ತಾನೇ ಖರ್ಚು ಮಾಡೋಣವೆಂದರೆ ಮುಂದಿನ ವರ್ಷ ತಾನು ಅಲ್ಲಿರುವೆನೆಂಬ ಭರವಸೆಯಿಲ್ಲ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಆ ಎರಡು ಸರಿಗಳ ನಡುವಿನ ಸಂದಿಯಲ್ಲಿ ಮಳೆಯ ನೀರು ಒಳಗೆ ಇಳಿಯುತ್ತದೆ. ಆದ್ದರಿಂದ ಇದನ್ನು ಯಾರದೋ ಒಳ್ಳೆಯತನಕ್ಕೆ ಬಿಡದೆ, ಊರಿನ ರೂಢಿಯಾಗಿ ನಿಲ್ಲಿಸಬೇಕಾಗಿದೆ.

ಸೋರುವ ಮಾಡು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಮನೆಯ ಬೆನ್ನ ಹಿಂದೆ ನಿಂತಿರುತ್ತದೆ. ಬೆಟ್ಟದೂರಿನಲ್ಲಿ ಸಮತಟ್ಟು ಜಾಗ ದುರ್ಲಭವಾದ್ದರಿಂದ ಬಹುತೇಕ ಸಾಲುಕೋಣೆಗಳು ಗುಡ್ಡ ಕಡಿದ ಜಾಗದಲ್ಲಿಯೇ ಎದ್ದಿವೆ. ಹಿಂದುಗಡೆ ಲಂಬವಾಗಿ ಕಡಿದ ಧರೆ, ಧರೆಗೂ ಗೋಡೆಗೂ ನಡುವೆ ಒಂದೆರಡು ಮಾರು ಅಂತರ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ದಿನ 150 ಮಿಲಿಮೀಟರ್ ಮಳೆ ಸುರಿದರೆ 15,000 ಲೀಟರ್ ನೀರು ಸೂರಿನಂಚಿನಿಂದ ಇಳಿಯುತ್ತದೆ. ಅದರ ಅರ್ಧಭಾಗ ಹಿಂದಿನ ಇಳಿಜಾರಿನದು. ಅದು ಧರೆಯ ಬುಡಕ್ಕೇ ಬೀಳುತ್ತದೆ. ಮೇಲಿನಿಂದ ಗುಡ್ಡದ ನೀರು, ಕೆಳಗಿನಿಂದ ಸೂರಿನ ನೀರು ಎಂದು ಎರಡೂ ಕಡೆಯಿಂದ ಮಣ್ಣು ನೆನೆಯುತ್ತದೆ.

ನಮ್ಮ ಮಣ್ಣಿನ ಸ್ವಭಾವವನ್ನೂ ಇಲ್ಲಿ ನೆನಪಿಡಬೇಕು. ಮೇಲ್ಪದರದ ಜಂಬಿಟ್ಟಿಗೆ ಗಟ್ಟಿ. ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ಆ ನಂಬಿಕೆಯಿಂದಲೇ ನಾವು ಧೈರ್ಯವಾಗಿ ಕಡಿಯುತ್ತೇವೆ. ಆದರೆ ಅನೇಕ ಕಡೆ ಅದರ ಅಡಿಯಲ್ಲಿ ಶೇಡಿ ಮಣ್ಣಿನ ಪದರವಿದೆ. ಒಣಗಿದಾಗ ಗಟ್ಟಿಯಾಗಿಯೇ ಇರುವ ಈ ಬಿಳಿ-ನಸುಗೆಂಪು ಮಣ್ಣು ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೋಡಿ ಭದ್ರವೆಂದುಕೊಂಡ ಧರೆ ಪುನರ್ವಸು-ಪುಷ್ಯ ಮಳೆಗಳಲ್ಲಿ ಬೇರೆಯದೇ ವಸ್ತುವಾಗಿರುತ್ತದೆ. ಇತ್ತೀಚಿನ ದೊಡ್ಡ ಕುಸಿತಗಳ ದಿನಾಂಕಗಳನ್ನು ಗಮನಿಸಿ: ಕೊಡಗಿನಲ್ಲಿ 2018ರ ಆಗಸ್ಟ್ ನಡುಭಾಗ, ತಲಕಾವೇರಿಯಲ್ಲಿ 2020ರ ಆಗಸ್ಟ್ ಮೊದಲ ವಾರ, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16, ವಯನಾಡಿನಲ್ಲಿ 2024ರ ಜುಲೈ 30. ಇವು ಯಾವುವೂ ಮೊದಲ ಮಳೆಯ ಅವಘಡಗಳಲ್ಲ. ನೆಲ ತುಂಬಿ ತುಳುಕಿದ ಮೇಲೆ ಬಂದ ಭಾರೀ ಮಳೆಯ ಅವಘಡಗಳು. ಅಂದರೆ ಮೇ ತಿಂಗಳಲ್ಲಿ ಕೆಲಸ ಮಾಡಲು ನಮಗೆ ಸಮಯವಿರುತ್ತದೆ.

ಏನು ಮಾಡಬೇಕು? ಮೊದಲನೆಯದು, ಧರೆಯ ನೆತ್ತಿಯ ಹಿಂದೆ ಗುಡ್ಡದ ನೀರನ್ನು ಅಡ್ಡಗಟ್ಟಿ ಬದಿಗೆ ಒಯ್ಯುವ ತಡೆಗಾಲುವೆ. ಅದು ನೀರು ಹರಿದುಹೋಗುವ ಕಾಲುವೆಯಾಗಿರಬೇಕು, ನಿಲ್ಲುವ ಗುಂಡಿಯಾಗಬಾರದು. ಮಳೆನೀರು ಇಂಗಿಸುವ ಮಾತನ್ನು ಪರಿಸರಾಸಕ್ತರೆಲ್ಲರೂ ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಬೋಳುಗುಡ್ಡದ ಮೇಲೆ, ತೋಟದ ನೆತ್ತಿಯಲ್ಲಿ ಆ ಮಾತು ಇಂದಿಗೂ ಸತ್ಯ. ಆದರೆ ಕಡಿದ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದೆಂದರೆ ಮನೆಯ ಬೆನ್ನಿಗೆ ನೀರಿನ ಭಾರ ಹೇರಿದಂತೆ. ಎರಡನೆಯದು, ಹಿಂದಿನ ಸೂರಿಗೆ ದೋಣಿ ಹಾಕಿ, ಆ ನೀರನ್ನು ಕೊಳವೆಯಲ್ಲಿ ಮನೆಯ ಮುಂದಕ್ಕೆ ತಂದು ಕಲ್ಲುಹಾಸಿನ ಚರಂಡಿಗೆ ಬಿಡುವುದು. ಆ ಚರಂಡಿ ಕೆಳಗಿನ ಮನೆಯವರ ಧರೆಯ ಮೇಲೆ ಕೊನೆಗೊಳ್ಳಬಾರದು. ನಮ್ಮ ಸುರಕ್ಷತೆ ನೆರೆಯವನ ಅಪಾಯವಾಗಬಾರದು. ಮೂರನೆಯದು, ಧರೆಯ ಮೇಲೆ ಲಾವಂಚದಂತಹ ಆಳಬೇರಿನ ಹುಲ್ಲು. ಇದು ಮೇಲ್ಮಣ್ಣು ಕೊಚ್ಚಿಹೋಗುವುದನ್ನು ತಡೆಯುತ್ತದೆ, ಆಳದ ಕುಸಿತವನ್ನು ತಡೆಯಲಾರದು. ನೆತ್ತಿಯ ಮರ ಕಡಿದರೆ ಕೆಲವೇ ವರ್ಷಗಳಲ್ಲಿ ಬೇರು ಕೊಳೆತು ಮಣ್ಣಿನ ಹಿಡಿತ ಸಡಿಲವಾಗುತ್ತದೆ; ವಾಲಿದ ಮರದ ಕೊಂಬೆ ಸವರಿ ಭಾರ ಇಳಿಸುವುದು ಲೇಸು.

ಮನೆಯ ಒಳಗಿನ ಕೆಲಸಗಳೂ ಇವೆ. ಒದ್ದೆಗೋಡೆಯಲ್ಲಿ ಹಾದುಹೋದ ಹಳೆಯ ವಯರು ಜೀವಕ್ಕೆ ಎರವಾಗಬಲ್ಲುದು; ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಬ್ರೇಕರ್ ಹಾಕಿಸುವುದು ಮಾಲೀಕನ ಕೆಲಸ. ಬಾವಿಗೆ ಮಳೆಯ ಕೊಚ್ಚೆ ಇಳಿಯದಂತೆ ಕಟ್ಟೆ ಎತ್ತರಿಸುವುದು, ಶೌಚದ ಗುಂಡಿ ತುಂಬಿದ್ದರೆ ಮಳೆಗೆ ಮೊದಲೇ ಖಾಲಿ ಮಾಡಿಸುವುದು, ಇಲಿ ಸೇರುವ ಸಂದಿ ಮುಚ್ಚಿಸುವುದು ಸಹ ಅವನದೇ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆಂಬುದನ್ನು ಮರೆಯುವಂತಿಲ್ಲ. ಇನ್ನು ಬೆಂಕಿಯ ಮಾತು. ಶೀತಕ್ಕೂ ಬಟ್ಟೆ ಒಣಗಿಸುವುದಕ್ಕೂ ಕೋಣೆಯೊಳಗೆ ಕೆಂಡ ಇಟ್ಟುಕೊಳ್ಳುವುದು ಇಲ್ಲಿ ಸಾಮಾನ್ಯ. ಕದ-ಕಿಟಕಿ ಮುಚ್ಚಿದ ಕೋಣೆಯ ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಏಳದೇ ಹೋಗಬಹುದು. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್‌ನದೂ ಇದೇ ಅಪಾಯ. ಮುಚ್ಚಲಾಗದ ಒಂದು ಗಾಳಿಕಿಂಡಿ, ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಒಂದು ಹೊಗೆ ಅಟ್ಟ ಇದ್ದರೆ ಕೆಂಡ ಕೋಣೆಯೊಳಗೆ ಬರುವ ಪ್ರಮೇಯವೇ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಿದ್ಧತೆಗೆ ಹಣವೇ ಬೇಡ. ಅದು ತಿಳಿವಳಿಕೆಯ ವರ್ಗಾವಣೆ. ಬಯಲುಸೀಮೆಯಿಂದ ಬಂದ ವಿದ್ಯಾರ್ಥಿನಿಗೆ, ಝಾರ್ಖಂಡ್‌ನ ಕಾರ್ಮಿಕನಿಗೆ ಈ ಗುಡ್ಡದ ಭಾಷೆ ತಿಳಿಯದು. ನೆಲದಲ್ಲಿ ಹೊಸ ಬಿರುಕು ಮೂಡುವುದು, ಧರೆಯ ಬುಡ ಉಬ್ಬುವುದು, ಇಲ್ಲದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ಅಬ್ಬಿಯ ನೀರು ಒಮ್ಮೆಲೇ ಕೆಂಪಾಗುವುದು ಅಥವಾ ನಿಂತೇಹೋಗುವುದು, ವಿದ್ಯುತ್ ಕಂಬ ವಾಲುವುದು ಇವು ಹೊರಟು ಹೋಗಬೇಕೆಂಬ ಸೂಚನೆಗಳು. ಮಳೆಗಾಲದಲ್ಲಿ ಕದ ಉಬ್ಬಿ ಬಿಗಿಯಾಗುವುದು ಸಹಜ; ಚೌಕಟ್ಟೇ ಓರೆಯಾಗುವುದು ಸಹಜವಲ್ಲ. ಈ ಭೇದವನ್ನು ಹಳ್ಳಿಯವರು ಅಜ್ಜಂದಿರಿಂದ ಕಲಿತಿದ್ದಾರೆ. ಬಾಡಿಗೆಗೆ ಬಂದವರಿಗೆ ಇಲ್ಲಿ ಅಜ್ಜಂದಿರಿಲ್ಲ. ಆ ಸ್ಥಾನದಲ್ಲಿ ಮಾಲೀಕನೇ ನಿಲ್ಲಬೇಕು.

ಕಾನೂನೂ ಈ ಮಾತಿಗೆ ಪೂರಾ ಹೊರತಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆದಾರ ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾಲೀಕ ತಿಳಿಸಲೇಬೇಕು. ಮಾಡಿಸಲು ತಾನು ಬದ್ಧನಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತೋಟ ಕಾರ್ಮಿಕರ ವಿಷಯದಲ್ಲಿ 1951ರ ಕಾಯ್ದೆ ವಸತಿಯ ಹೊಣೆಯನ್ನು ಮಾಲೀಕನಿಗೆ ವಹಿಸಿತ್ತು. 1981ರ ತಿದ್ದುಪಡಿ ಒಂದು ಹೆಜ್ಜೆ ಮುಂದೆ ಹೋಗಿ, ಒದಗಿಸಿದ ಮನೆ ಕುಸಿದು ಸಾವುನೋವಾದರೆ ಮಾಲೀಕನೇ ಪರಿಹಾರ ಕೊಡಬೇಕೆಂದಿತು. ಆದರೆ ಕುಸಿತಕ್ಕೆ ನೈಸರ್ಗಿಕ ವಿಕೋಪವೇ ಕಾರಣವಾದರೆ ಆ ಹೊಣೆಯಿಲ್ಲ ಎಂದೂ ಸೇರಿಸಿತು. ಆ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಕಾರ್ಮಿಕ ಸಂಹಿತೆ ಬಂದಿದೆ. ಕಾಯ್ದೆ ಯಾವುದೇ ಇರಲಿ, ನೈಸರ್ಗಿಕ ವಿಕೋಪ ಎಂಬ ಮಾತಿನ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. ಮಳೆ ನೈಸರ್ಗಿಕ. ಧರೆಯನ್ನು ಲಂಬವಾಗಿ ಕಡಿದದ್ದು, ಅದರ ಬುಡದಲ್ಲಿ ಜನರನ್ನು ಮಲಗಿಸಿದ್ದು, ಚರಂಡಿ ತೋಡದೆ ಬಿಟ್ಟದ್ದು ನೈಸರ್ಗಿಕವಲ್ಲ.

ಇಡುಕ್ಕಿ ಜಿಲ್ಲೆಯ ಪೆಟ್ಟಿಮುಡಿಯಲ್ಲಿ 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಜಾರಿ ಚಹಾ ತೋಟದ ಲೈನ್ ಮನೆಗಳ ಮೇಲೆ ಬಿದ್ದಾಗ 70 ಮಂದಿ ಪ್ರಾಣ ಕಳೆದುಕೊಂಡರು. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ದುರಂತದಲ್ಲಿ ಸತ್ತ 250ಕ್ಕೂ ಹೆಚ್ಚು ಮಂದಿಯಲ್ಲಿ ತೋಟದ ಪಾಡಿಗಳಲ್ಲಿ ಇದ್ದವರೂ ಸೇರಿದ್ದರು. ಅಂತಹ ಪ್ರವಾಹದ ಮಣ್ಣನ್ನು ಯಾವ ಚರಂಡಿಯೂ ತಡೆಯದು. ಅಂತಹ ಜಾಗಗಳಲ್ಲಿ ಸಿದ್ಧತೆಯೆಂದರೆ ಒಂದೇ: ಭಾರೀ ಮಳೆಯ ಮುನ್ಸೂಚನೆಯ ರಾತ್ರಿ ಅಲ್ಲಿ ಯಾರನ್ನೂ ಮಲಗಗೊಡದಿರುವುದು, ಮುಂದೆ ಆ ಮನೆಗಳನ್ನೇ ಬೇರೆಡೆಗೆ ಸಾಗಿಸುವುದು. ತನ್ನ ಸೂರನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲದವನ ಪಾಲಿಗೆ ಸೂರು ಕೊಟ್ಟವನ ವಿವೇಕವೇ ರಕ್ಷೆ.

ಆದ್ದರಿಂದ ನಮ್ಮ ಓದುಗರಲ್ಲಿ ಎರಡು ವಿನಂತಿಗಳು. ಬಾಡಿಗೆಗೆ ಮನೆ ಕೊಟ್ಟವರು ಮೇ ತಿಂಗಳ ಮೂರನೆಯ ವಾರದೊಳಗೆ ಬಾಡಿಗೆದಾರರನ್ನು ಕರೆದುಕೊಂಡು ಮನೆಯ ಸುತ್ತ ಒಮ್ಮೆ ನಡೆಯಿರಿ. ಮಾಡು, ಧರೆ, ಚರಂಡಿ, ಬಾವಿ, ವಯರು ಎಂಬ ಐದನ್ನು ಜೊತೆಯಾಗಿ ನೋಡಿ, ಯಾರು ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ರಾತ್ರಿ ಹೊರಡಬೇಕಾದರೆ ಯಾವ ದಾರಿ, ಯಾರ ಮನೆ ಎಂಬುದನ್ನೂ ಅದರಲ್ಲೇ ಬರೆಯಿರಿ. ಆ ಮನೆ ನಿಮ್ಮದೇ ಆದರೆ ಒಳ್ಳೆಯದು. ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲಿ ಧರೆಯ ಬುಡದಲ್ಲಿರುವ ಬಾಡಿಗೆ ಮನೆಗಳನ್ನು ಎಣಿಸಿ, ಪಟ್ಟಿ ಮಾಡಿ, ಗ್ರಾಮಸಭೆಯ ಮುಂದಿಡಿ. ಪಂಚಾಯಿತಿಯ ಬಳಿ ಇಂತಹ ಪಟ್ಟಿ ಇದ್ದರೆ, ಮುನ್ನೆಚ್ಚರಿಕೆಯ ದಿನ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂದು ತಿಳಿದಿರುತ್ತದೆ.

ಅಡಿಕೆ, ಕಾಫಿಗಳಿಗೆ ಕೊಳೆರೋಗ ಬಾರದಂತೆ ಮಳೆಗೆ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುವ ನಾಡು ನಮ್ಮದು. ಬೆಳೆಗೆ ತೋರುವ ಈ ಮುಂಜಾಗ್ರತೆಯ ಒಂದು ಪಾಲು, ನಮಗೆ ಬಾಡಿಗೆ ಕೊಟ್ಟು ನಮ್ಮ ಗುಡ್ಡದ ಮೇಲೆ ಭರವಸೆಯಿಟ್ಟು ಮಲಗುವವರಿಗೂ ಸಲ್ಲಲಿ.