ನೆಕ್ಕಿತು ಅಷ್ಟೇ

ನಾಯಿ ಕಚ್ಚಿದರೆ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡುತ್ತಾರೆ. ಅದೇ ನಾಯಿ ಮಗುವಿನ ಮೊಣಕಾಲಿನ ತರಚುಗಾಯ ನೆಕ್ಕಿದರೆ ‘ಪಾಪ, ಅದಕ್ಕೂ ನಮ್ಮ ನೋವು ಗೊತ್ತಾಗುತ್ತೆ ನೋಡಿ’ ಎಂದು ಅದರ ತಲೆ ಸವರುತ್ತಾರೆ. ನಾಯಿಯ ಜೊಲ್ಲು ಗಾಯ ಮಾಯಿಸುತ್ತದೆಂಬ ನಂಬಿಕೆಗೆ ವಯಸ್ಸಾಗಿದೆ. ಗ್ರೀಸಿನ ಎಪಿಡಾರಸ್ ದೇಗುಲದ ಶಾಸನವೊಂದರಲ್ಲಿ, ನಾಯಿ ನೆಕ್ಕಿ ಹುಡುಗನ ಕುತ್ತಿಗೆಯ ಗಡ್ಡೆ ವಾಸಿಯಾದ ಕಥೆಯಿದೆ. ಜೊಲ್ಲಿಗೆ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಗುಣ ಕೊಂಚ ಇರುವುದೂ ನಿಜವೇ. ಆದರೂ ಪಶುವೈದ್ಯರು ಆಪರೇಷನ್ ಮುಗಿಸಿ ನಾಯಿಯ ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿ ಕಳಿಸುತ್ತಾರೆ, ತನ್ನ ಹೊಲಿಗೆಯನ್ನು ತಾನೇ ನೆಕ್ಕಬಾರದೆಂದು. ನಾಯಿಗೇ ಒಗ್ಗದ ಮದ್ದು ನಮಗೆ ಒಗ್ಗೀತೇ?

ಆರೋಗ್ಯವಾಗಿರುವ ನಾಯಿಯ ಬಾಯಲ್ಲೂ ಪಾಶ್ಚುರೆಲ್ಲಾ, ಕ್ಯಾಪ್ನೊಸೈಟೊಫಾಗಾ ಎಂಬ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. ಅದಕ್ಕೆ ಅವುಗಳಿಂದ ತೊಂದರೆಯಿಲ್ಲ. ಮೊದಲನೆಯದು ನಮ್ಮ ಗಾಯಕ್ಕಿಳಿದರೆ ಒಂದೆರಡು ದಿನದೊಳಗೆ ಕೆಂಪಾಗಿ ಊದಿ ನೋಯಿಸುತ್ತದೆ. ಎರಡನೆಯದು ಹೆಚ್ಚಿನವರನ್ನು ಬಾಧಿಸುವುದಿಲ್ಲ. ಬಾಧಿಸಿದರೆ ಮಾತ್ರ ರಕ್ತಕ್ಕೇ ನಂಜೇರಿ, ಕೈಕಾಲಿನ ಬೆರಳು ಕಪ್ಪಾಗಿ ಕತ್ತರಿಸಬೇಕಾದೀತು. ಅಪಘಾತದಲ್ಲಿ ಒಡೆದ ಗುಲ್ಮವನ್ನು ತೆಗೆಸಿಕೊಂಡವರು, ವಿಪರೀತ ಕುಡಿಯುವವರು, ಕ್ಯಾನ್ಸರ್ ಔಷಧಿಯಲ್ಲಿರುವವರು ಇದಕ್ಕೆ ಸುಲಭ ತುತ್ತು. ನನಗೆ ಹೆಚ್ಚು ಆತಂಕ ಸಕ್ಕರೆ ಕಾಯಿಲೆಯ ಹಿರಿಯರದ್ದು. ಅವರ ಪಾದ ಜೋಮು ಹಿಡಿದಿರುತ್ತದೆ, ಹಿಮ್ಮಡಿ ಒಡೆದಿರುತ್ತದೆ. ಟೀವಿ ನೋಡುತ್ತ ಕೂತಾಗ ಕುರ್ಚಿಯ ಕೆಳಗೆ ನಾಯಿ ಆ ಬಿರುಕನ್ನು ನೆಕ್ಕುತ್ತಿದ್ದರೆ ಅವರಿಗೆ ತಿಳಿಯುವುದೇ ಇಲ್ಲ.

ಇನ್ನು ರೇಬಿಸ್. ತರಚಿದ ಚರ್ಮವನ್ನು ಶಂಕಿತ ನಾಯಿ ನೆಕ್ಕುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರನೇ, ಅಂದರೆ ಅತಿ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ರಕ್ತ ಬರುವಂತೆ ಕಚ್ಚಿದ್ದೂ ಅದೇ ವರ್ಗ. ಹುಚ್ಚಿನ ಲಕ್ಷಣ ಕಾಣುವ ಕೆಲವು ದಿನ ಮೊದಲೇ ವೈರಸ್ ಜೊಲ್ಲಿಗೆ ಬಂದಿರುತ್ತದೆ, ಹಾಗಾಗಿ ‘ನೋಡೋಕೆ ಚೆನ್ನಾಗೇ ಇದೆಯಲ್ಲ’ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ವರ್ಷ ವರ್ಷ ಲಸಿಕೆ ಹಾಕಿಸಿದ ಮನೆನಾಯಿಯಿಂದ ಅಪಾಯ ತೀರಾ ಕಡಿಮೆ, ಒಪ್ಪುತ್ತೇನೆ. ಆದರೆ ಲಸಿಕೆಯ ಕಾರ್ಡ್ ಎಲ್ಲಿದೆ ಎಂದು ಕೇಳಿದರೆ ಎಷ್ಟು ಮನೆಗಳಲ್ಲಿ ತಕ್ಷಣ ಸಿಕ್ಕೀತು? ಗೇಟಿನಾಚೆ ಬಿಸ್ಕತ್ತಿಗೆ ಬರುವ ಬೀದಿನಾಯಿಯ ಮಾತಂತೂ ಬೇರೆಯೇ.

ನಾಯಿ ನೆಕ್ಕಿದ ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ವೈರಸ್ಸಿನ ಮೇಲಿರುವ ಕೊಬ್ಬಿನ ಹೊದಿಕೆ ಸೋಪಿಗೆ ಕರಗುತ್ತದೆ. ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ, ಆದರೆ ಅದಕ್ಕಾಗಿ ಲಸಿಕೆ ಮುಂದೂಡಬೇಡಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಗಿದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮಲ್ಲಿ ನಿಂತು ಎರಡು ದಶಕವಾಯಿತು. ಈಗ ಚುಚ್ಚುವುದು ತೋಳಿಗೆ; ಚರ್ಮದ ಪದರದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಜತೆಗೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ. ಆಸ್ಪತ್ರೆಯಲ್ಲಿ ‘ಕಚ್ಚಿಲ್ಲವಲ್ಲ, ಹೋಗಿ’ ಎಂದರೆ ಎದ್ದು ಬರಬೇಡಿ. ಗಾಯ ತೋರಿಸಿ, ನೆಕ್ಕಿದಾಗ ಅದು ಹಸಿಯಾಗಿತ್ತೆಂದು ಹೇಳಿ, ಮೂರನೇ ವರ್ಗದ ಚಿಕಿತ್ಸೆಯನ್ನೇ ಕೇಳಿ.