ಕೆರೆಯಂಚಿನ ಜೊಂಡಿಗೂ ಅಂದಾಜುಪಟ್ಟಿಯಲ್ಲಿ ಜಾಗವಿರಲಿ

ಬೆಂಗಳೂರಿನಲ್ಲಿ ಕೆರೆಯ ‘ಅಭಿವೃದ್ಧಿ’ ಎಂದರೆ ಹೂಳೆತ್ತುವುದು, ದಂಡೆಗೆ ಕಲ್ಲು ಕಟ್ಟುವುದು, ಬೇಲಿ ಹಾಕುವುದು, ನಡಿಗೆ ಪಥ ನಿರ್ಮಿಸುವುದು ಎಂಬ ಅರ್ಥ ಬಹುಕಾಲದಿಂದ ರೂಢಿಯಲ್ಲಿದೆ. ಇವೆಲ್ಲ ಅಳತೆಗೆ ಸಿಗುವ ಕೆಲಸಗಳು. ಬಿಲ್ಲು ಬರೆಯಲು ಸುಲಭ. ಅಳತೆ ಪುಸ್ತಕಕ್ಕೆ ಏರದ ವಸ್ತು ಕಾಮಗಾರಿಯಲ್ಲಿ ಉಳಿಯುವುದಿಲ್ಲ ಎಂಬುದು ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ಗೊತ್ತು. ಕೆರೆಯಂಚಿನ ಜೊಂಡು ಅಂಥದೊಂದು ವಸ್ತು. ಅದರೊಂದಿಗೆ ಹೋಗುವುದು ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಡ್ರ್ಯಾಗನ್‌ಫ್ಲೈ ಮತ್ತು ಅದರ ತೆಳುದೇಹದ ಬಂಧು ಡ್ಯಾಮ್ಸೆಲ್‌ಫ್ಲೈ.

ಕುಳಿತಾಗ ರೆಕ್ಕೆಗಳನ್ನು ವಿಮಾನದಂತೆ ಚಾಚಿಕೊಂಡಿರುವುದು ಡ್ರ್ಯಾಗನ್‌ಫ್ಲೈ. ಸಾಮಾನ್ಯವಾಗಿ ಬೆನ್ನ ಮೇಲೆ ಮಡಿಸಿಕೊಳ್ಳುವುದು ಡ್ಯಾಮ್ಸೆಲ್‌ಫ್ಲೈ. ಎರಡರ ಬಾಲ್ಯವೂ ನೀರಿನಲ್ಲೇ. ಮರಿಗಳು ಸೊಳ್ಳೆಯ ಲಾರ್ವಾಗಳನ್ನೂ, ಬೆಳೆದವು ಹಾರುವ ಸೊಳ್ಳೆಗಳನ್ನೂ ತಿನ್ನುತ್ತವೆ. ಡ್ಯಾಮ್ಸೆಲ್‌ಫ್ಲೈಗಳು ಮೊಟ್ಟೆಯಿಡುವುದು ಜಲಸಸ್ಯಗಳ ಕಾಂಡ, ಎಲೆಗಳ ಒಳಗೆ. ಮರಿ ನೀರಿನಿಂದ ಮೇಲೇರಿ ಪೊರೆ ಕಳಚಿ ರೆಕ್ಕೆ ಒಣಗಿಸಿಕೊಳ್ಳುವುದೂ ಹೆಚ್ಚಾಗಿ ಇಂಥ ಗಿಡಗಳ ಮೇಲೆಯೇ. ಜೊಂಡು ಕಿತ್ತು ಕಲ್ಲು ಹಾಸಿದ ಮೇಲೆ ಸೊಳ್ಳೆಗೆ ಹೊಗೆ ಬಿಡಲು ಮತ್ತೊಂದು ಬಿಲ್ಲು. ಆ ಹೊಗೆ ಶತ್ರು, ಮಿತ್ರ ಎಂದು ನೋಡುವುದಿಲ್ಲ. ಸೊಳ್ಳೆಯ ಹೊಸ ಪೀಳಿಗೆಗೆ ಒಂದೆರಡು ವಾರ ಸಾಕು, ಅದನ್ನು ತಿನ್ನುವ ಅನೇಕ ಕೀಟಗಳಿಗೆ ತಿಂಗಳುಗಳು ಬೇಕು.

ಹಾಗೆಂದು, ಏರೋಪ್ಲೇನ್ ಚಿಟ್ಟೆ ಹಾರಿದಲ್ಲೆಲ್ಲ ನೀರು ಶುದ್ಧವೆಂಬ ತೀರ್ಮಾನ ಅವಸರದ್ದು. ನಗರದಲ್ಲಿ ಸಾಮಾನ್ಯವಾಗಿ ಕಾಣುವ, ಕಿತ್ತಳೆ ಛಾಯೆಯ ರೆಕ್ಕೆಗಳ ಡಿಚ್ ಜ್ಯುವೆಲ್ ಕೊಳಚೆ ನೀರಿನಲ್ಲೂ ಬಾಳಬಲ್ಲದು. (ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕಂಟಾಮಿನಾಟಾ’ ಎಂಬ ಪದವಿದೆ.) ಅದೊಂದೇ ಉಳಿದು ಇತರ ಪ್ರಭೇದಗಳು ಕಾಣೆಯಾದರೆ ಅದು ಕೆರೆಯ ಅನಾರೋಗ್ಯದ ಲಕ್ಷಣ. ಆದ್ದರಿಂದ ಎಷ್ಟು ಹಾರುತ್ತಿವೆ ಎನ್ನುವುದಕ್ಕಿಂತ ಯಾವುವು ಹಾರುತ್ತಿವೆ ಎನ್ನುವುದು ಮುಖ್ಯ. ಇದನ್ನು ಗುರುತಿಸಲು ದುಬಾರಿ ಸಲಹೆಗಾರರೇ ಬೇಕಿಲ್ಲ, ಕೆ.ಎ. ಸುಬ್ರಮಣಿಯನ್ ಅವರ ಕೈಪಿಡಿ 2005ರಲ್ಲೇ ಬೆಂಗಳೂರಿನಿಂದ ಪ್ರಕಟವಾಗಿದೆ.

ಜೊಂಡಿನಲ್ಲಿ ಹಾವು ಸೇರುತ್ತದೆ, ಕೆರೆಯೇ ಮುಚ್ಚಿಹೋಗುತ್ತದೆ ಎಂಬ ನಿವಾಸಿಗಳ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಕತ್ತರಿಸುವುದು ಬೇರೆ, ಬುಡಸಮೇತ ಕೀಳುವುದು ಬೇರೆ. ಒಂದು ವರ್ಷ ಒಂದು ದಂಡೆ, ಮರುವರ್ಷ ಇನ್ನೊಂದು ಎಂದು ಸವರಬಹುದು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೌಗಿನ ಸಸ್ಯಗಳ ನಡುವೆ ಹರಿದು ಕೆರೆ ಸೇರುವ ವ್ಯವಸ್ಥೆಯಿದೆ. ನಮ್ಮ ಎಂಜಿನಿಯರ್‌ಗಳಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

2025ರಲ್ಲಿ ಬಿಬಿಎಂಪಿಯ ಬದಲು ಐದು ನಗರ ಪಾಲಿಕೆಗಳು ಬಂದಿವೆ; ಹಳೆಯ ಪದ್ಧತಿಗಳನ್ನು ತಿದ್ದಲು ಇದು ಸಕಾಲ. ಕಾಮಗಾರಿಗೆ ಮೊದಲೊಮ್ಮೆ, ಮುಗಿದು ಒಂದು ಮಳೆಗಾಲ ಕಳೆದ ಮೇಲೊಮ್ಮೆ ಈ ಕೀಟಗಳ ಪ್ರಭೇದಗಳ ಎಣಿಕೆ ಕಡ್ಡಾಯವಾಗಲಿ. ಗುತ್ತಿಗೆದಾರರ ಕೊನೆಯ ಕಂತನ್ನು ಎರಡನೆಯ ಎಣಿಕೆಯ ವರದಿ ಬಂದ ಮೇಲಷ್ಟೇ ಬಿಡುಗಡೆ ಮಾಡಲಿ.