ಬಡಗಿಯ ಬೆರಳಿಗೂ ಬೆಲೆಯಿದೆ

ಚಾಮರಾಜನಗರ ತಾಲ್ಲೂಕಿನ ಸಂತೆಮರಹಳ್ಳಿಯಂಥ ಹೋಬಳಿ ಕೇಂದ್ರಗಳಲ್ಲೂ ಹೊಸ ಮನೆ ಕಟ್ಟಿಸುವವರಿಗೆ ಈಗ ಗೋಡೆ ತುಂಬುವ ವಾರ್ಡ್‌ರೋಬ್ ಬೇಕು. ಕಾರ್ಖಾನೆಯ ಬೀರುವಿಗೆ ನಿಗದಿತ ಅಳತೆಯುಂಟು. ನಮ್ಮ ಗೋಡೆಗಳ ಮೂಲೆ ತುಸು ಓರೆ, ನೆಲ ತುಸು ಇಳಿಜಾರು. ಅದಕ್ಕೆ ಹೊಂದುವಂತೆ ಅಳೆದು ಕೂಡಿಸುವವರು ಸ್ಥಳೀಯ ಬಡಗಿಗಳು. ಅವರಿಗೆ ಸಂದ ಕೂಲಿಯ ಬಹುಪಾಲು ಊರಿನಲ್ಲೇ ಚಲಾವಣೆಯಾಗುತ್ತದೆ ಎಂಬುದು ಅರ್ಥಶಾಸ್ತ್ರದ ಸರಳ ಪಾಠ.

ಆದರೆ ಅವರು ಕೆಲಸ ಮಾಡುವ ಸ್ಥಿತಿ ಕಳವಳಕಾರಿ. ಓರೆ ಕೊಯ್ಯುವ ವಿದ್ಯುತ್ ಗರಗಸವನ್ನು ನೆಲದ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಉದ್ದದ ರೀಪನ್ನು ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದುಂಟು. ಆಧಾರವಿಲ್ಲದ ತುದಿ ಜಗ್ಗಿದರೆ ಅಲಗು ಸಿಕ್ಕಿಕೊಂಡು ಮರ ಎಗರಬಹುದು. ಪರಿಹಾರ ದುಬಾರಿಯಲ್ಲ: ಸೊಂಟದೆತ್ತರದ ಗಟ್ಟಿ ಸ್ಟ್ಯಾಂಡ್, ಅದರ ಎರಡೂ ಬದಿಗೆ ಗರಗಸದ ಹಾಸಿನ ಮಟ್ಟಕ್ಕೆ ಸರಿಸಮನಾದ ಹಲಗೆ. ಉಳಿಕೆ ಮರದಿಂದಲೇ ಅದನ್ನು ಕಟ್ಟಿಕೊಳ್ಳಬಹುದು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ಉಪಕರಣಕ್ಕೆ 15,000 ರೂ.ವರೆಗಿನ ನೆರವು, ತರಬೇತಿಗೆ ದಿನಕ್ಕೆ 500 ರೂ. ಭತ್ಯೆ ಅದರಲ್ಲಿವೆ. ಐದರಿಂದ ಏಳು ದಿನಗಳ ಮೂಲ ತರಬೇತಿಯಲ್ಲಿ ಒಂದು ದಿನವನ್ನು ಇಂಥ ಸ್ಟ್ಯಾಂಡ್ ಕಟ್ಟುವುದಕ್ಕೆ ಮೀಸಲಿಡಬಾರದೇಕೆ? ಇದಕ್ಕೆ ಹೊಸ ಯೋಜನೆಯ ಅಗತ್ಯವಿಲ್ಲ. ಯಂತ್ರ ಕೊಟ್ಟು ಅದನ್ನು ನಿಲ್ಲಿಸುವ ನೆಲೆಯನ್ನು ಮರೆಯುವುದು ಆಡಳಿತದ ಹಳೆಯ ಚಾಳಿ.

ಮನೆ ಕಟ್ಟಿಸುವವರ ಹೊಣೆಯೂ ಇದೆ. ಸ್ಟ್ಯಾಂಡ್ ಹೂಡಲು ಬಡಗಿ ಕೇಳುವ ಅರ್ಧ ದಿನವನ್ನು ಕಾಲಹರಣವೆಂದು ಭಾವಿಸದೆ ಅದರ ಕೂಲಿಯನ್ನೂ ಕೊಡಬೇಕು. ಬೆರಳು ಹೋದರೆ ಕಸುಬೇ ಹೋದಂತೆ.